"ಕಮಿಟಿಯವರು ಖಾಲಿ ಮಾಡಿಸಿದ್ರಂತೆ": ನಮ್ಮ ಸಭೆಯವರಿಗೆ ಒಂದು ಬಹಿರಂಗ ಪತ್ರ

ನಮ್ಮ ಅಯ್ಯನವರಿಗೆ (ಪಾಸ್ಟರಿಗೆ), ಬಿಷಪ್ ಅವರಿಗೆ, ಸಭೆ ಆಡಳಿತ ನೋಡ್ಕೊಳ್ಳೋ ಪ್ಯಾಸ್ಟರೇಟ್ ಕಮಿಟಿಯ ಮುಂದಿನ ಎಲೆಕ್ಷನ್‌ಗೆ ಈಗಿಂದ್ಲೇ ಪ್ಯಾನೆಲ್ ಕಟ್ಕೊಂಡು ಮನೆ ಮನೆ ಸುತ್ತುತ್ತಿರೋ ಅಣ್ಣಂದಿರಿಗೆ, ಮತ್ತೆ ಮುಖ್ಯವಾಗಿ ಆಶೀರ್ವಾದ ಮುಗಿಯೋ ಮುಂಚೆನೇ ಬೈಕ್ ಕೀ ಕೈಗೆ ತಗೊಳ್ಳೋ ಹಿಂದಿನ ಬೆಂಚಿನವರಿಗೆ, ಎಲ್ಲರಿಗೂ ಕರ್ತನ ಹೆಸರಲ್ಲಿ ವಂದನೆ.

ಊರಿನ ಹೆಸರು, ಸಭೆ ಅಂದ್ರೆ ನಮ್ಮ ಚರ್ಚಿನ ಹೆಸರು ಬರೆಯಲ್ಲ. ಗೊತ್ತಿರೋರಿಗೆ ಗೊತ್ತಾಗುತ್ತೆ, ಗೊತ್ತಿಲ್ಲದೋರು ತಮ್ಮ ಸಭೆ ಬಗ್ಗೆನೇ ಬರ್ದಿದಾನೆ ಅಂದ್ಕೊಂಡು ಓದಿದ್ರೂ ನಷ್ಟ ಇಲ್ಲ. ಇದು ಕಂಪ್ಲೇಂಟ್ ಅಲ್ಲ. ಕಂಪ್ಲೇಂಟ್ ಅಂತಾನೇ ತಗೊಳ್ಳೋದಾದ್ರೆ ಎ-ಒನ್ ಆರೋಪಿ ನಾನೇ.

ನಾನು ಕಮಿಟಿಲಿ ಮೂರು ವರ್ಷ ಇದ್ದೆ. ಓದಿದ ಹುಡುಗ್ರು ಒಬ್ಬರಾದ್ರೂ ಬೇಕು ಅಂತ ಯಾರೋ ಹೆಸರು ಹೇಳಿದ್ರು, ನಾನೂ ಬೇಡ ಅನ್ಲಿಲ್ಲ. ಮೀಟಿಂಗು ಶನಿವಾರ ಸಾಯಂಕಾಲ, ಅಯ್ಯನವರ ಬಂಗ್ಲೆ ಪಕ್ಕದ ಹಾಲ್‌ನಲ್ಲಿ. ಒಂದು ಶನಿವಾರ ಅಜೆಂಡಾದಲ್ಲಿ 14 ಐಟಂ ಇತ್ತು, ಒಂಬತ್ತನೇ ಐಟಂಗೆ ಟೀ, ಮಸಾಲೆ ವಡೆ ಬಂತು, ಅಲ್ಲಿಂದ ಮುಂದೆ ಎಲ್ಲಾ ಸ್ಪೀಡ್ ಆಯ್ತು. ಹನ್ನೊಂದನೇ ಐಟಂ ಹೀಗಿತ್ತು: ಕಾಂಪೌಂಡಿನ ಹಿಂಭಾಗದ ಶಿಥಿಲ ಕಟ್ಟಡ ತೆರವುಗೊಳಿಸಿ ವಾಣಿಜ್ಯ ಮಳಿಗೆಗಳನ್ನು ನಿರ್ಮಿಸುವ ಬಗ್ಗೆ. ಒಬ್ಬರು ಸೂಚಿಸಿದ್ರು, ಒಬ್ಬರು ಅನುಮೋದಿಸಿದ್ರು, ಸರ್ವಾನುಮತದಿಂದ ಪಾಸ್. ನಾನೂ ಕೈ ಎತ್ತಿದೆ. ಇನ್ನೊಂದು ಕೈಯಲ್ಲಿ ವಡೆ ಇತ್ತು, ಸುಳ್ಳು ಯಾಕೆ ಹೇಳ್ಲಿ. ಮುಂದಿನ ತಿಂಗಳು ಮಿನಿಟ್ಸ್ ಬುಕ್ ಸುತ್ತು ಹೊಡ್ಕೊಂಡು ಬಂತು, ಓದದೆ ಸೈನ್ ಮಾಡಿದೆ.

ಆ "ಶಿಥಿಲ ಕಟ್ಟಡ" ಅಂದ್ರೆ ಒಂದು ರೂಮು, ಒಂದು ತಗಡಿನ ಅಡುಗೆಮನೆ, ಹಿಂದೆ ಒಂದು ಕುಂಬಳ ಬಳ್ಳಿ. ಅದ್ರಲ್ಲಿ ಗಂಟೆ ಅಜ್ಜಿ ಇದ್ರು. ಅವರ ಗಂಡ ಚರ್ಚ್ ಗಂಟೆ ಹೊಡೀತಿದ್ದೋರು, ಅವರು ತೀರಿಕೊಂಡ ಮೇಲೆ ಆ ಹಗ್ಗ ಅಜ್ಜಿ ಕೈಗೆ ಬಂತು. ಎಂಟು ಗಂಟೆಗೆ ಮೊದಲ್ನೇ ಗಂಟೆ, ಎಂಟೂ ಇಪ್ಪತ್ತೈದಕ್ಕೆ ಎರಡನೇದು, ಯಾರಾದ್ರೂ ಸತ್ರೆ ನಿಧಾನಕ್ಕೆ ಒಂದೊಂದೇ ಏಟು. ಹಗ್ಗದ ತುದಿ ಹತ್ರ ಒಂದು ಗೇಣು ಉದ್ದಕ್ಕೆ ಎಣ್ಣೆ ಹಚ್ಚಿದ ಹಾಗೆ ಮಿರಮಿರ ಮಿಂಚ್ತಿತ್ತು, ಅವರ ಕೈ ಓಡಾಡಿದ ಜಾಗ ಅದು. ಮಿನಿಟ್ಸ್‌ನ ಕನ್ನಡ ಎಷ್ಟು ಶುದ್ಧವಾಗಿತ್ತು ಅಂದ್ರೆ ಅದ್ರೊಳಗೆ ಒಬ್ಬ ಮನುಷ್ಯ ಪ್ರಾಣಿ ಇರೋದೇ ಗೊತ್ತಾಗ್ಲಿಲ್ಲ. ಗೊತ್ತಾಗ್ಲಿಲ್ಲ ಅನ್ನೋದೂ ತಪ್ಪು, ಎರಡು ಸೆಕೆಂಡ್ ಯೋಚಿಸಿದ್ರೆ ಗೊತ್ತಾಗೋದು, ಚಿಕ್ಕೋನಾಗಿದ್ದಾಗ ಸಂಡೇ ಸ್ಕೂಲ್ ಬಿಟ್ಟ ಮೇಲೆ ಅದೇ ಮನೆ ಬಾಗಿಲಲ್ಲಿ ನೀರು ಕುಡಿದೋನು ನಾನು.

ಮೂರು ತಿಂಗಳಾದ ಮೇಲೆ ಅವರನ್ನ ಬೇರೆ ಊರಲ್ಲಿರೋ ಮಗಳ ಮನೆಗೆ ಕಳಿಸಿದ್ರು. ಒಂದು ಕವರ್‌ನಲ್ಲಿ 15,000 ಕೊಟ್ರು, ಶಾಲು ಹೊದಿಸಿ ಫೋಟೋ ತೆಗೆದ್ರು. ಈಗ ಗಂಟೆಗೆ ಸ್ವಿಚ್ ಇದೆ.

ನನಗೆ ಬಿಸಿ ತಟ್ಟಿದ್ದು ಚರ್ಚಿನ ಸುಗ್ಗಿ ಹಬ್ಬದ ದಿನ. ನಮ್ಮಲ್ಲಿ ಹರಾಜು ಹೇಗೆ ನಡೆಯುತ್ತೆ ಅಂತ ಗೊತ್ತಲ್ಲ, ಒಂದು ನಿಂಬೆಹಣ್ಣನ್ನ ಒಬ್ಬರು ಕೂಗಿ ತಗೊಂಡು ವಾಪಸ್ ಕೊಡೋದು, ಇನ್ನೊಬ್ಬರು ಕೂಗೋದು, ಹಾಗೇ ಆ ಒಂದು ನಿಂಬೆಹಣ್ಣು ಅವತ್ತು 3,500 ತನಕ ಹೋಯ್ತು, ಚಪ್ಪಾಳೆ, ನಗು. ಪ್ರತಿ ವರ್ಷ ಅಜ್ಜಿ ಆ ಬಳ್ಳಿದು ಒಂದು ಬೂದುಗುಂಬಳ ತಂದು ಪೀಠದ ಹತ್ರ ಇಡೋರು. ಈ ಸಲ ಇರ್ಲಿಲ್ಲ. ಪಕ್ಕದಲ್ಲಿ ಕೂತಿದ್ದ ಆಂಟಿ, ದುಬೈಯಿಂದ ರಜೆಗೆ ಬಂದೋರು, "ಗಂಟೆ ಅಜ್ಜಿ ಎಲ್ಲಪ್ಪಾ ಕಾಣ್ಸ್ತಾ ಇಲ್ಲ" ಅಂದ್ರು. ನಾನು ಒಂದು ಕ್ಷಣಾನೂ ಯೋಚಿಸದೆ ಹೇಳಿದ್ದು, "ಕಮಿಟಿಯವರು ಖಾಲಿ ಮಾಡಿಸಿದ್ರಂತೆ."

ಆ "ಅಂತೆ" ನೋಡಿ. ಕೈ ಎತ್ತಿದೋನು ನಾನು, ಸೈನ್ ಹಾಕಿದೋನು ನಾನು, ಆದ್ರೆ ಬಾಯಲ್ಲಿ ಬಂದಿದ್ದು "ಅಂತೆ". ನಮ್ಮ ಕನ್ನಡದಲ್ಲಿ ಎರಡಕ್ಷರದಲ್ಲಿ ಎಷ್ಟು ದೊಡ್ಡ ಪಾಪದಿಂದ ಬೇಕಾದ್ರೂ ಹೊರಗೆ ಬಂದುಬಿಡಬಹುದು. ಇಡೀ ಪತ್ರ ಬರೀತಿರೋದು ಆ ಎರಡಕ್ಷರದ ಬಗ್ಗೆನೇ.

ಯಾಕಂದ್ರೆ ಆಮೇಲೆ ನಾನು ವಿಚಾರಿಸಿಕೊಂಡು ಹೋದಾಗ ಎಲ್ಲರ ಹತ್ರಾನೂ ಅದೇ ಸಿಕ್ತು. ಅಯ್ಯನವರನ್ನ ಕೇಳಿದ್ರೆ ಕಮಿಟಿ ರೆಸಲ್ಯೂಷನ್ನು, ನಾನು ಬಂದು ಒಂದು ವರ್ಷ ಆಗಿರ್ಲಿಲ್ಲ ಅಂದ್ರು. ಸೆಕ್ರೆಟರಿನ ಕೇಳಿದ್ರೆ ಆದಾಯ ಜಾಸ್ತಿ ಮಾಡ್ಕೊಳ್ಳಿ ಅಂತ ಮೇಲಿಂದ ಹೇಳಿದ್ರು ಅಂದ್ರು. ಮೇಲಿನ ಆಫೀಸಲ್ಲಿ ಪರಿಚಯದೋರನ್ನ ಕೇಳಿದ್ರೆ ಲೋಕಲ್ ಸಭೆ ಸರ್ವಾನುಮತದಿಂದ ಕಳಿಸಿದ್ದನ್ನ ನಾವು ತಡೆಯೋಕಾಗುತ್ತಾ ಅಂದ್ರು. ಯಾರೂ ಸುಳ್ಳು ಹೇಳ್ಲಿಲ್ಲ. ಎಲ್ಲರ ಹತ್ರಾನೂ ಅಧಿಕಾರ ಇತ್ತು, ಜವಾಬ್ದಾರಿ ಮಾತ್ರ ಹರಾಜಿನ ನಿಂಬೆಹಣ್ಣಿನ ತರ ಕೈಯಿಂದ ಕೈಗೆ ಹೋಗ್ತಾನೇ ಇತ್ತು, ಮನೆಗೆ ತಗೊಂಡು ಹೋದೋರು ಯಾರೂ ಇಲ್ಲ.

ಈಗ ಬಿಷಪ್ ಅಯ್ಯನವರೇ, ನಿಮ್ಮ ಕಡೆ ತಿರುಗ್ತೀನಿ, ಬೇಜಾರು ಮಾಡ್ಕೋಬೇಡಿ. ಪ್ರಶ್ನೆ ಕೇಳಿದಾಗೆಲ್ಲಾ ನಮ್ಮ ಕಡೆ ಒಂದು ವಚನ ಹೊರಗೆ ಬರುತ್ತೆ, ಅಭಿಷಿಕ್ತರನ್ನ, ಅಂದ್ರೆ ದೇವರು ಆರಿಸಿಕೊಂಡೋರನ್ನ, ಮುಟ್ಟಬೇಡಿ ಅಂತ. ನೀವು ಹೇಳಿದೀರಿ ಅಂತಲ್ಲ, ನಿಮ್ಮ ಸುತ್ತ ಇರೋರು ಹೇಳ್ತಾರೆ, ಮೈನ್‌ಲೈನ್ ಸಭೆಗಳಲ್ಲಿ ಮೆತ್ತಗೆ, ಹೊಸ ಸ್ವತಂತ್ರ ಸಭೆಗಳಲ್ಲಿ ಮೈಕ್‌ನಲ್ಲಿ. ನಾನು ಆ ವಚನ ಇರೋ ಬೈಬಲಿನ 105ನೇ ಕೀರ್ತನೆ ಕೂತ್ಕೊಂಡು ಹಿಂದೆ ಮುಂದೆ ಸೇರಿಸಿ ಓದಿದೆ. ಅಲ್ಲಿ ಅಭಿಷಿಕ್ತರು ಅಂದ್ರೆ ಯಾರು ಗೊತ್ತಾ? ಅಬ್ರಹಾಮ, ಇಸಾಕ, ಯಾಕೋಬ. ಆವಾಗ ಅವರು ಸ್ವಲ್ಪ ಜನ, ಸ್ವಂತ ನೆಲ ಇಲ್ಲದೋರು, ಊರಿಂದ ಊರಿಗೆ ಅಲೀತಿದ್ದ ಪರದೇಶಿಗಳು. ಮುಟ್ಟಬೇಡಿ ಅಂತ ದೇವರು ಗದರಿಸಿದ್ದು ಯಾರನ್ನ? ರಾಜರನ್ನ. ಅಂದ್ರೆ ಆ ವಚನದ ಪ್ರಕಾರ ನಮ್ಮ ಕಾಂಪೌಂಡಲ್ಲಿ ಅಭಿಷಿಕ್ತರು ಅಂತ ಯಾರಾದ್ರೂ ಇದ್ದಿದ್ರೆ ಅದು ಪಟ್ಟಾ ಇಲ್ಲದ ಒಂದು ರೂಮಲ್ಲಿದ್ದ ಅಜ್ಜಿ, ಗದರಿಸಿಕೊಂಡೋರು ನಾವು.

ದಾವೀದನ ಕಥೆ ಹೇಳೋರೂ ಇದ್ದಾರೆ, ತನ್ನನ್ನ ಕೊಲ್ಲೋಕೆ ಹುಡುಕ್ತಿದ್ದ ರಾಜ ಸೌಲ ಕೈಗೆ ಸಿಕ್ಕಿದ್ರೂ ದಾವೀದ ಅವನನ್ನ ಮುಟ್ಲಿಲ್ಲ ಅಂತ. ನಿಜ, ಮುಟ್ಲಿಲ್ಲ. ಆದ್ರೆ ಗುಹೆಯಿಂದ ಹೊರಗೆ ಬಂದು, ಕತ್ತರಿಸಿಕೊಂಡಿದ್ದ ರಾಜನ ನಿಲುವಂಗಿ ತುಂಡನ್ನ ಕೈಯಲ್ಲಿ ಹಿಡ್ಕೊಂಡು, ಯಾಕೆ ಹೀಗೆ ಮಾಡ್ತಿದ್ದೀಯಾ ಅಂತ ಕೂಗಿ ಕೇಳ್ದ. ಸೌಲ ಅವತ್ತು ಕರ್ಕೊಂಡು ಬಂದಿದ್ದು 3,000 ಜನ ಸೈನಿಕರನ್ನ. ಕೈ ಮಾಡ್ಲಿಲ್ಲ ಅಂದ ಮಾತ್ರಕ್ಕೆ ಬಾಯಿ ಮುಚ್ಚಿಕೊಂಡಿದ್ದ ಅಂತಲ್ಲ. ಅಂತಿಯೋಕ್ಯದಲ್ಲಿ ಪೇತ್ರ ಅನ್ಯಜನರ (ಯೆಹೂದ್ಯರಲ್ಲದೋರ) ಜೊತೆ ಊಟಕ್ಕೆ ಕೂರೋದು ಬಿಟ್ಟಾಗ ಪೌಲ ಎಲ್ಲರ ಮುಂದೇನೇ ಕೇಳ್ದ, ಗಲಾತ್ಯ ಪತ್ರದಲ್ಲಿ ಬರೆದಿಟ್ಟ ಕೂಡ. ನಮ್ಮ ಸಭೆಯಲ್ಲಾದ್ರೆ ಪೌಲನ್ನ ವಾಟ್ಸಾಪ್ ಗ್ರೂಪಿಂದ ರಿಮೂವ್ ಮಾಡಿರೋರು.

ಬಿಷಪ್ ಅಂದ್ರೆ ರಾಜ ಅಲ್ಲ ಅನ್ನೋದು ನಮಗೆ ಹೊಸ ವಿಷಯಾನೂ ಅಲ್ಲ ಅಯ್ಯನವರೇ, ನಮ್ಮ ಹುಟ್ಟೇ ಅದು. ನಮ್ಮ ಸಭೆ ಬೇರು ಬಾಸೆಲ್ ಮಿಷನ್, 1834ರಲ್ಲಿ ಮಂಗಳೂರಿಗೆ ಬಂದಿದ್ದು. ಮೋಗ್ಲಿಂಗ್ 1843ರಲ್ಲಿ ಮಂಗಳೂರ ಸಮಾಚಾರ ಶುರು ಮಾಡಿದ್ದು, ಕಿಟ್ಟೆಲ್ 1894ರ ನಿಘಂಟು, ಹಂಚಿನ ಫ್ಯಾಕ್ಟರಿ, ಇದೆಲ್ಲಾ ಹೆಮ್ಮೆಯಿಂದ ಹೇಳ್ತೀವಿ, ಹೇಳ್ಬೇಕು. ಆದ್ರೆ ಆ ಮಿಷನ್ನಿನ ಅಧಿಕಾರ ಹೇಗಿತ್ತು ಅನ್ನೋದನ್ನ ಯಾರೂ ಹೇಳಲ್ಲ. ಸ್ವಿಟ್ಜರ್ಲೆಂಡಿನ ಬಾಸೆಲ್ ಊರಲ್ಲಿ ಕೂತಿದ್ದ ಒಂದು ಕಮಿಟಿ ಇಲ್ಲಿನ ಎಲ್ಲವನ್ನೂ ತೀರ್ಮಾನ ಮಾಡ್ತಿತ್ತು, ಮಿಷನರಿಗಳು ಮದುವೆ ಆಗೋಕೂ ಆ ಕಮಿಟಿ ಪರ್ಮಿಷನ್ ಬೇಕಿತ್ತು. 1914ರಲ್ಲಿ ಯುದ್ಧ ಶುರುವಾದಾಗ ಬ್ರಿಟಿಷ್ ಸರ್ಕಾರ ಜರ್ಮನ್ ಮಿಷನರಿಗಳನ್ನ ಹಿಡಿದು ಬಂಧನದಲ್ಲಿಟ್ಟು ಆಮೇಲೆ ದೇಶ ಬಿಟ್ಟು ಕಳಿಸ್ತು. ಅಲ್ಲಿ ತನಕ ಎಲ್ಲಾ ಮೇಲಿಂದ ಬರ್ತಿತ್ತು, ಒಂದೇ ಸಲ ಮೇಲೆ ಯಾರೂ ಇಲ್ಲ. ಆದ್ರೂ ಭಾನುವಾರ ಗಂಟೆ ನಿಲ್ಲಲಿಲ್ಲ. ನಮ್ಮ ಮುತ್ತಜ್ಜಂದಿರು, ಉಪದೇಶಿಗಳು, ಸಭೆಯ ಹಿರಿಯರು ನಡೆಸಿಕೊಂಡು ಹೋದ್ರು.

ಅದಕ್ಕೂ ನಾಲ್ಕು ವರ್ಷ ಮುಂಚೆ, 1910ರಲ್ಲಿ, ಎಡಿನ್‌ಬರೋದಲ್ಲಿ ದೊಡ್ಡ ಮಿಷನರಿ ಸಮ್ಮೇಳನ. ಅಲ್ಲಿ ತಮಿಳು ನೆಲದ ವಿ.ಎಸ್. ಅಜರಯ್ಯ ಎದ್ದು ನಿಂತು, ನೀವು ನಿಮ್ಮ ಆಸ್ತಿ ಕೊಟ್ರಿ, ದೇಹಾನೂ ಕೊಟ್ರಿ, ನಾವು ಪ್ರೀತಿನೂ ಕೇಳ್ತೀವಿ, ನಮಗೆ ಸ್ನೇಹಿತರನ್ನ ಕೊಡಿ ಅಂದ್ರು. ಎದುರಿಗೆ ಕೂತಿದ್ದೋರು ತಮ್ಮನ್ನ ಒಡೆಯರು ಅಂತ ಅಂದ್ಕೊಂಡಿರ್ಲಿಲ್ಲ, ಉಪಕಾರಿಗಳು ಅಂದ್ಕೊಂಡಿದ್ರು. ಉಪಕಾರಿಗಳ ಅಧಿಕಾರಾನ ಪ್ರಶ್ನೆ ಮಾಡೋದು ಬಹಳ ಕಷ್ಟ, ಶಾಲು ಹೊದಿಸಿಕೊಂಡ ಅಜ್ಜಿಗೆ ಗೊತ್ತು ಅದು. ಅದೇ ಅಜರಯ್ಯ 1912ರಲ್ಲಿ ದೋರ್ನಕಲ್‌ನ ಬಿಷಪ್ ಆದ್ರು, ಆಂಗ್ಲಿಕನ್ ಸಭೆಯಲ್ಲಿ ಮೊದಲ ಭಾರತೀಯ ಬಿಷಪ್. 1919ರಲ್ಲಿ ತರಂಗಂಬಾಡಿಯಲ್ಲಿ ಅವರೂ ಸೇರಿ 33 ಜನ, ಹೆಚ್ಚಿನೋರು ಭಾರತೀಯರೇ, ಕೂತು ಬೇರೆ ಬೇರೆ ಸಭೆಗಳೆಲ್ಲಾ ಸೇರಿ ಒಂದೇ ಸಭೆ ಆಗೋಣ ಅಂತ ಮಾತು ಶುರು ಮಾಡಿದ್ರು. ಆ ಮಾತು ಮುಗಿಯೋಕೆ 28 ವರ್ಷ ಬೇಕಾಯ್ತು. ಅಷ್ಟು ವರ್ಷ ಯಾಕೆ ಅಂದ್ರೆ ಮುಖ್ಯವಾಗಿ ಈ ಬಿಷಪ್ ವಿಷಯಕ್ಕೇ. ಆಂಗ್ಲಿಕನ್ನರಿಗೆ ಬಿಷಪ್ ಇಲ್ಲದೆ ಸಭೆ ಇಲ್ಲ, ಕಾಂಗ್ರಿಗೇಷನಲ್‌ನೋರಿಗೆ ಬಿಷಪ್ ಅಂದ್ರೆ ಮೈ ಉರಿ, ಮಧ್ಯೆ ಮೆಥಡಿಸ್ಟರು, ಪ್ರೆಸ್ಬಿಟೇರಿಯನ್ನರು. ಕೊನೆಗೆ 1947ರ ಸೆಪ್ಟೆಂಬರ್ 27ಕ್ಕೆ ಮದ್ರಾಸಿನ ಸೇಂಟ್ ಜಾರ್ಜ್ ಕೆಥೀಡ್ರಲ್‌ನಲ್ಲಿ ದಕ್ಷಿಣ ಭಾರತ ಸಭೆ, ಅಂದ್ರೆ ಸಿಎಸ್‌ಐ, ಹುಟ್ಟಿದಾಗ ಒಪ್ಪಿಕೊಂಡಿದ್ದು ಏನಂದ್ರೆ, ಬಿಷಪ್ ಇರ್ತಾರೆ, ಆದ್ರೆ ಸಂವಿಧಾನದ ಒಳಗೆ ಇರ್ತಾರೆ. ಅವರನ್ನ ಆರಿಸೋ ಪ್ರಕ್ರಿಯೆಯಲ್ಲಿ ಸಭಿಕರು, ಅಂದ್ರೆ ಸಭೆಯ ಸಾಮಾನ್ಯ ಸದಸ್ಯರು, ಇರ್ತಾರೆ, ಕೌನ್ಸಿಲ್‌ನಲ್ಲಿ ಜೊತೆಗೆ ಕೂರ್ತಾರೆ. ಸ್ವಾತಂತ್ರ್ಯ ಬಂದು ಆರು ವಾರ ಆಗಿತ್ತು, ದೇಶದ ಸಂವಿಧಾನ ಇನ್ನೂ ರೆಡಿ ಇರ್ಲಿಲ್ಲ, ನಮ್ಮ ಸಭೆದು ರೆಡಿ ಇತ್ತು! ಈ ವಿಷಯ ಪೂರ್ಣ ಸದಸ್ಯರಾಗೋ ಮುಂಚೆ ನಡೆಯೋ ನಮ್ಮ ದೃಢೀಕರಣದ ಕ್ಲಾಸಲ್ಲಿ ಯಾಕೆ ಹೇಳ್ಕೊಡಲ್ಲ ಅನ್ನೋದು ನನ್ನ ಹಳೇ ತಕರಾರು.

ಇನ್ನೊಂದು. 1950ರಲ್ಲಿ ಬಂದ ನಮ್ಮ ಆರಾಧನಾ ಕ್ರಮದಲ್ಲಿ ಅಯ್ಯನವರು ಮೇಜಿನ ಹಿಂದೆ ನಿಂತ್ಕೊಂಡು ನಮ್ಮ ಕಡೆ ಮುಖ ಮಾಡ್ತಾರೆ. ಇವತ್ತು ಅದೇನು ವಿಶೇಷ ಅನ್ಸುತ್ತೆ, ಆವಾಗ ಅದು ದೊಡ್ಡ ಬದಲಾವಣೆ, ಮೇಜು ಎಲ್ಲರ ಮಧ್ಯೆ ಬಂತು ಅಂತ ಅರ್ಥ. ರೊಟ್ಟಿ, ದ್ರಾಕ್ಷಾರಸ ಸಭಿಕರ ಕಡೆಯಿಂದಾನೇ ಮುಂದಕ್ಕೆ ಹೋಗ್ಬೇಕು. ಆಮೇಲೆ ಸಮಾಧಾನ ಕೊಡೋದು, ಅದನ್ನ ಕೇರಳದ ಸುರಿಯಾನಿ ಸಭೆಗಳ ಪದ್ಧತಿಯಿಂದ ತಗೊಂಡಿದ್ದು. ಅಯ್ಯನವರಿಂದ ಶುರುವಾಗಿ ಕೈಯಿಂದ ಕೈಗೆ ಬೆಂಚಿಂದ ಬೆಂಚಿಗೆ ಬರುತ್ತೆ, ಎರಡೂ ಕೈಯಲ್ಲಿ ಪಕ್ಕದೋರ ಕೈ ಹಿಡ್ಕೊಂಡು ಕೊಡೋದು. ನನ್ನ ಬೆಂಚಲ್ಲಿ ಗಂಟೆ ಹೊಡೆದು ಮುಗಿಸಿ ತಡವಾಗಿ ಬಂದು ತುದೀಲಿ ಕೂರ್ತಿದ್ದ ಅಜ್ಜಿಯಿಂದ ಎಷ್ಟೋ ಸಲ ನನಗೆ ಸಮಾಧಾನ ಬಂದಿದೆ, ಅಂಗೈ ಗಟ್ಟಿ, ಸ್ವಲ್ಪ ಒರಟು. ಆ ಕೈಗಳನ್ನ ಹಿಡಿದೋನೇ ಶನಿವಾರ ವಡೆ ತಿಂತಾ ಕೈ ಎತ್ತಿದ್ದು ಅನ್ನೋದು ನೆನಪಾದ್ರೆ ಈಗ್ಲೂ ಆ ಹೊತ್ತಿಗೆ ತಲೆ ತಗ್ಗುತ್ತೆ.

ಈಗ ನಮ್ಮ ಪ್ರೋಗ್ರೆಸಿವ್ ಗೆಳೆಯರು. ನಾನೂ ಆ ಗುಂಪೇ. ಸತ್ಯವೇದಾನ (ಬೈಬಲನ್ನ) ಪ್ರಶ್ನೆ ಇಟ್ಕೊಂಡು ಓದ್ಬೇಕು, ಜಾತಿ ಸಭೆಯೊಳಗೂ ಇದೆ ಅಂತ ಒಪ್ಕೋಬೇಕು, ಹೆಣ್ಣುಮಕ್ಕಳು ಪೀಠದ ಮೇಲೆ ಇರ್ಬೇಕು, ಯಾರನ್ನ ಪ್ರೀತಿಸ್ತಾರೆ ಅನ್ನೋ ಕಾರಣಕ್ಕೆ ಯಾರನ್ನೂ ಬಾಗಿಲಾಚೆ ನಿಲ್ಲಿಸಬಾರದು, ಇದೆಲ್ಲಾ ನಂಬ್ತೀನಿ. ತಿಂಗಳಿಗೆ ಒಂದು ಸಲ ಝೂಮ್‌ನಲ್ಲಿ ಸೇರಿ ಅಧಿಕಾರದ ಬಗ್ಗೆ ಬಹಳ ಚೆನ್ನಾಗಿ ಮಾತಾಡ್ತೀವಿ, ಕ್ರಿಸ್ತನು ಕೊಟ್ಟ ಮಾದರಿ, ಪಾದ ತೊಳೆಯೋದು, ಎಲ್ಲಾ. ಆದ್ರೆ ನಮ್ಮಲ್ಲಿ ಎಷ್ಟು ಜನ ಜನರಲ್ ಬಾಡಿ ಮೀಟಿಂಗಿಗೆ ಹೋಗ್ತೀವಿ? ಅಧಿಕಾರ ಬೇಡ ಅನ್ನೋ ಭರದಲ್ಲಿ ಕೆಲಸಾನೂ ಬೇಡ ಅಂದುಬಿಟ್ವಿ. ಪ್ಯಾನೆಲ್ ಕಟ್ಟೋ ಅಣ್ಣಂದಿರನ್ನ ನಾವು ಬಯ್ಯೋದು ಸುಲಭ, ಆದ್ರೆ ರಾತ್ರಿ ಎರಡು ಗಂಟೆಗೆ ಯಾರದ್ದಾದ್ರೂ ಮನೇಲಿ ಸಾವಾದ್ರೆ ಪೆಟ್ಟಿಗೆ, ಗಾಡಿ, ಸ್ಮಶಾನದ ಗುಂಡಿ ಅಂತ ಓಡಾಡೋರು ಅವರೇ, ಝೂಮ್‌ನಲ್ಲಿ ವಿಮೋಚನಾ ದೇವತಾಶಾಸ್ತ್ರ ಮಾತಾಡೋ ನಾವಲ್ಲ. ಆ ರಾತ್ರಿಗಳಿಂದಾನೇ ಅವರಿಗೆ ಓಟು ಬರೋದು, ಬಿರಿಯಾನಿಯಿಂದ ಅಲ್ಲ. ಸರಿ, ಬಿರಿಯಾನಿಯಿಂದಾನೂ ಸ್ವಲ್ಪ.

ಅಪೊಸ್ತಲರ ಕೃತ್ಯಗಳ ಆರನೇ ಅಧ್ಯಾಯ ನನ್ನನ್ನ ಬಿಡ್ತಾ ಇಲ್ಲ. ಆದಿಸಭೆಯ ಮೊದಲ ಆಡಳಿತದ ಜಗಳ ಅದು, ವಿಷಯ ಏನು ಗೊತ್ತಲ್ಲ? ವಿಧವೆಯರು. ದಿನದ ಊಟ ಹಂಚೋದ್ರಲ್ಲಿ ಗ್ರೀಕ್ ಮಾತಾಡೋರ ವಿಧವೆಯರನ್ನ ಕಡೆಗಣಿಸ್ತಿದ್ದಾರೆ ಅಂತ ಗೊಣಗಾಟ ಎದ್ದಿತು. ಹನ್ನೆರಡು ಜನ ಅಪೊಸ್ತಲರು, ಯೇಸುವಿನ ಜೊತೆ ಓಡಾಡಿದೋರು, ನಾವು ನೋಡ್ಕೋತೀವಿ ಸುಮ್ನಿರಿ ಅನ್ನಬಹುದಿತ್ತು. ಬದಲಿಗೆ ಎಲ್ಲರನ್ನೂ ಕರೆದು, ನೀವೇ ಏಳು ಜನರನ್ನ ಆರಿಸಿಕೊಳ್ಳಿ ಅಂದ್ರು. ಆ ಏಳು ಹೆಸರು ಓದಿ ನೋಡಿ: ಸ್ತೆಫನ, ಫಿಲಿಪ್ಪ, ಪ್ರೊಖೋರ, ನಿಕನೋರ, ತಿಮೋನ, ಪರ್ಮೇನ, ನಿಕೊಲಾಯ. ಎಲ್ಲಾ ಗ್ರೀಕ್ ಹೆಸರು. ಅಂದ್ರೆ ದೂರು ಬಂದ ಕಡೆಯೋರ ಕೈಗೇ ಉಗ್ರಾಣದ ಕೀಲಿಕೈ ಕೊಟ್ಟಂಗೆ ಕಾಣುತ್ತೆ. ನಾವು ಏನು ಮಾಡ್ತೀವಿ? ದೂರು ಕೊಟ್ಟೋರನ್ನ ಬಿಟ್ಟು ಉಳಿದೋರದ್ದು ಒಂದು ಸಬ್‌ಕಮಿಟಿ ಮಾಡ್ತೀವಿ.

ಮೋಶೆ ಕಾಲದಲ್ಲಿ ಚಲ್ಪಹಾದನ ಐದು ಹೆಣ್ಣುಮಕ್ಕಳು ದೇವದರ್ಶನದ ಗುಡಾರದ ಬಾಗಿಲಿಗೇ ಬಂದು, ಅಪ್ಪನಿಗೆ ಗಂಡುಮಕ್ಕಳಿಲ್ಲ ಅಂತ ನಮ್ಮ ಪಾಲು ಯಾಕೆ ಹೋಗ್ಬೇಕು ಅಂತ ಕೇಳಿದ್ರು. ಆ ಹೆಣ್ಣುಮಕ್ಕಳು ಹೇಳೋದು ಸರಿ ಅಂತ ದೇವರೇ ಹೇಳಿದ ಮೇಲೆ ಕಾನೂನು ಬದಲಾಯ್ತು. ಅವರು ಕೇಳಿದ್ದು ಪಾಲು, ಅಂದ್ರೆ ಜಾಗ. ನಮ್ಮ ಅಜ್ಜಿ ಕೇಳ್ಲಿಲ್ಲ ಅಂತ ಕೆಲವರು ಅಂತಾರೆ, ಅವರಾಗೇ ಖುಷಿಯಿಂದ ಹೋದ್ರು ಅಂತ. ಕೇಳೋಕೆ ಬಾಗಿಲು ಎಲ್ಲಿತ್ತು? 23 ಜನರ ಕಮಿಟೀಲಿ ಹೆಂಗಸರು ಇಬ್ಬರು, ಅವತ್ತು ಇಬ್ಬರೂ ಅಡುಗೆ ಕಡೆ ಇದ್ರು, ಮಾರನೇ ದಿನದ ಪ್ರೀತಿಭೋಜನಕ್ಕೆ. ನಮ್ಮ ಸಿಎಸ್‌ಐ 1976ರಲ್ಲೇ ಮಹಿಳೆಗೆ ಪಾಸ್ಟರ್ ದೀಕ್ಷೆ ಕೊಟ್ಟ ಸಭೆ, 2013ರಲ್ಲಿ ಪುಷ್ಪ ಲಲಿತಾ ಅವರನ್ನ ನಂದ್ಯಾಲದ ಬಿಷಪ್ ಮಾಡಿದ ಸಭೆ. ಪೀಠದ ತನಕ ಬಂದ ಹೆಣ್ಣುಮಗಳು ನಮ್ಮೂರಲ್ಲಿ ಐಟಂ ನಂಬರ್ ಹನ್ನೊಂದರ ತನಕ ಬರೋಕಾಗ್ಲಿಲ್ಲ.

ನನ್ನ ಕ್ಯಾಥೋಲಿಕ್ ಸಹೋದ್ಯೋಗಿ ಒಬ್ಬರಿದ್ದಾರೆ, ಅವರನ್ನ ನಾನು ಯಾವಾಗ್ಲೂ ರೇಗಿಸೋದು, ನಿಮ್ಮಲ್ಲಿ ಎಲ್ಲಾ ರೋಮ್‌ನಿಂದ ಅಲ್ವಾ ಅಂತ. 2023ರ ಅಕ್ಟೋಬರ್‌ನಲ್ಲಿ ಅವರು ಫೋನಲ್ಲಿ ಒಂದು ಫೋಟೋ ತೋರ್ಸಿದ್ರು, ಪೋಪ್ ಫ್ರಾನ್ಸಿಸ್ ಕರೆದಿದ್ದ ಸಿನಡ್ ಅನ್ನೋ ಸಮಾಲೋಚನೆ ಸಭೆದು, ಕಾರ್ಡಿನಲ್‌ಗಳು, ಬಿಷಪ್‌ಗಳು, ಸಾಮಾನ್ಯ ಹೆಂಗಸರು ಗಂಡಸರು ಒಂದೇ ರೌಂಡ್ ಟೇಬಲ್ ಸುತ್ತ ಕೂತಿದ್ದಾರೆ, ಮೊದಲ ಸಲ ಹೆಂಗಸರಿಗೆ ಓಟು ಕೂಡ. ಒಬ್ಬರು ಮಾತಾಡಿದ ಮೇಲೆ ಉತ್ತರ ಕೊಡೋಕೆ ಹಾರಿಬೀಳದೆ ಸ್ವಲ್ಪ ಹೊತ್ತು ಮೌನ, ಪ್ರಾರ್ಥನೆ, ಆಮೇಲೆ ಮುಂದಿನ ಮಾತು ಅಂತ ಕ್ರಮ ಇಟ್ಕೊಂಡಿದ್ರಂತೆ. ಈ "ಅಂತೆ" ನಿಜವಾದ ಅಂತೆ, ನಾನು ಅಲ್ಲಿರ್ಲಿಲ್ಲ. ಹನ್ನೊಂದನೇ ಐಟಂ ಓದಿದ ಮೇಲೆ ನಮಗೆ ಎರಡು ನಿಮಿಷ ಮೌನ ಇದ್ದಿದ್ರೆ ಯಾರಿಗಾದ್ರೂ ಆ ಕುಂಬಳ ಬಳ್ಳಿ ನೆನಪಾಗ್ತಿತ್ತೇನೋ.

ಭಾನುವಾರ ಪಾಪ ಅರಿಕೆ ಮಾಡುವಾಗ ನಾವು "ನಾವು" ಅಂತೀವಿ. ಮಾಡಬಾರದ್ದನ್ನ ಮಾಡಿದ್ವಿ, ಮಾಡಬೇಕಾದ್ದನ್ನ ಮಾಡದೆ ಬಿಟ್ವಿ ಅಂತ ಎಲ್ಲರೂ ಒಂದೇ ದನೀಲಿ. ಕಾಂಪೌಂಡಿಗೆ ಬಂದು ಚಪ್ಪಲಿ ಹಾಕ್ಕೊಳ್ಳೋ ಹೊತ್ತಿಗೆ ಅದು "ಅವರು" ಆಗಿರುತ್ತೆ.

ಅದಕ್ಕೆ ಮುಂದಿನ ಜನರಲ್ ಬಾಡಿಗೆ ನಾನು ಒಂದು ನಿರ್ಣಯ ಬರೆದು ಕೊಡ್ತಿದ್ದೀನಿ. ಅಜ್ಜಿ ಬದುಕಿರೋ ತನಕ ಹೊಸ ಮಳಿಗೆಗಳಲ್ಲಿ ಒಂದರ ಬಾಡಿಗೆ ಪ್ರತಿ ತಿಂಗಳು ಅವರ ಹೆಸರಿಗೆ ಹೋಗ್ಬೇಕು, ಉಪಕಾರ ಅಂತ ಅಲ್ಲ, ಬಾಕಿ ಸಂಬಳ ಅಂತ ಬರೀಬೇಕು, ಗಂಡ ಸತ್ತ ಮೇಲೆ ಅವರಿಗೆ ಸಂಬಳಾನೇ ಇರ್ಲಿಲ್ಲ ಅನ್ನೋದು ಲೆಕ್ಕದ ಪುಸ್ತಕ ನೋಡಿದಾಗ ಗೊತ್ತಾಯ್ತು, ಅದನ್ನೂ ನಾನು ಮೂರು ವರ್ಷ ಸೈನ್ ಮಾಡಿದ್ದೆ. ಇನ್ಮೇಲೆ ಯಾರ ಮನೆ, ಯಾರ ಕೆಲಸದ ವಿಷಯ ಅಜೆಂಡಾಗೆ ಬಂದ್ರೂ ಕಟ್ಟಡದ ಹೆಸರಲ್ಲ, ಆ ಮನುಷ್ಯರ ಹೆಸರು ಬರೀಬೇಕು, ಅವರನ್ನ ಕರೆದು ಕೂರಿಸಬೇಕು. ಮಿನಿಟ್ಸನ್ನ ಪ್ರಕಟಣೆಗಳ ಜೊತೆ ಭಾನುವಾರ ಓದ್ಬೇಕು, ಯಾರು ಸೂಚಿಸಿದ್ರು ಯಾರು ಅನುಮೋದಿಸಿದ್ರು ಅನ್ನೋದೂ ಸೇರಿ. ಬೋರ್ ಹೊಡೆಯುತ್ತೆ, ಗೊತ್ತು. ಪ್ರಸಂಗದಲ್ಲಿ ಐದು ನಿಮಿಷ ಕಮ್ಮಿ ಮಾಡ್ಕೊಳ್ಳೋಕೆ ಅಯ್ಯನವರು ಒಪ್ಪಿದ್ದಾರೆ, ಇದಕ್ಕೆ ಅವರಿಗೆ ಥ್ಯಾಂಕ್ಸ್. ಬಿಷಪ್ ಅಯ್ಯನವರೇ, ನೀವು ಇದನ್ನ ಪಾಸ್ ಮಾಡಿಸಿಕೊಡಿ ಅಂತ ಕೇಳ್ತಾ ಇಲ್ಲ, ನಾವೇ ಪಾಸ್ ಮಾಡ್ಬೇಕು. ಪಾಸ್ ಆಗಿ ನಿಮ್ಮ ಟೇಬಲ್‌ಗೆ ಬಂದಾಗ ತಡೆಹಿಡೀಬೇಡಿ, ಅಷ್ಟೇ.

ಹೋದ ವಾರ ಮಗಳ ಮನೆಗೆ ಹೋಗಿ ಅಜ್ಜಿನ ನೋಡ್ಕೊಂಡು ಬಂದೆ. ಕ್ಷಮಿಸಿ ಅಜ್ಜಿ ಅಂದಿದ್ದಕ್ಕೆ ಅವರು ಏನೂ ಹೇಳ್ಲಿಲ್ಲ, ಬೇಜಾರು ಬಿಡಪ್ಪ ಅಂತಾನೂ ಹೇಳ್ಲಿಲ್ಲ. ಕಾಫಿ ಕೊಟ್ರು. ಈ ಪತ್ರ ಹಾಕ್ತೀನಿ ಅಂದೆ, ಹೆಸರು ಬೇಡ ಅಂದ್ರು.

ಜನರಲ್ ಬಾಡಿ ಈ ತಿಂಗಳ ಕೊನೇ ಭಾನುವಾರ, ಆರಾಧನೆ ಮುಗಿದ ತಕ್ಷಣ, ಹಾಲ್‌ನಲ್ಲಿ. ಬುಧವಾರದೊಳಗೆ ನಿರ್ಣಯ ಸೆಕ್ರೆಟರಿ ಕೈಗೆ ಕೊಡ್ಬೇಕು, ಎರಡು ಸೈನ್ ಇಲ್ಲದಿದ್ರೆ ತಗೊಳ್ಳಲ್ಲ. ಸೂಚಕರು ಅಂತ ಇರೋ ಕಡೆ ನನ್ನ ಹೆಸರು ಬರ್ದಿದೀನಿ. ಅನುಮೋದಕರು ಅನ್ನೋ ಗೆರೆ ಇನ್ನೂ ಖಾಲಿ ಇದೆ. ಮೂರು ಜನರನ್ನ ಕೇಳಿದೆ, ಮೂವರೂ ಮನೇಲಿ ಕೇಳಿ ಹೇಳ್ತೀನಿ ಅಂದ್ರು. ನನ್ನ ನಂಬರ್ ಸಭೆಯ ಡೈರೆಕ್ಟರಿಯಲ್ಲಿದೆ, ಫೋನ್ ಮಾಡಿ.